ಡಾ. ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್ (1910-1942)

ಯುದ್ಧಭೂಮಿಯ ವೈದ್ಯಕೀಯ ಸೇವೆಯಲ್ಲಿ ರಾಷ್ಟ್ರಗಳ ನಡುವೆ ಏರ್ಪಟ್ಟ ಸಹಕಾರದ ಇತಿಹಾಸದಲ್ಲಿ ಡಾ. ಕೋಟ್ನಿಸ್ ಅವರ ಹೆಸರು ಚಿರಸ್ಥಾಯಿಯಾಗಿದೆ. ಇವರು 1910ರ ಅಕ್ಟೋಬರ್ 10ರಂದು ಸೊಲ್ಲಾಪುರದಲ್ಲಿ ಜನಿಸಿದರು. ಮರಾಠಿಯೊಂದಿಗೆ ಕನ್ನಡವೂ ಕೇಳಿಬರುವ ಈ ಗಡಿನಗರ ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮುಂಬಯಿಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಇವರ ವ್ಯಾಸಂಗ ನಡೆಯಿತು.

1937ರಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಪ್ರಮಾಣದ ಆಕ್ರಮಣ ನಡೆಸಿತು. ಗಾಯಾಳು ಸೈನಿಕರ ಚಿಕಿತ್ಸೆಗೆ ವೈದ್ಯರನ್ನು ಕಳುಹಿಸಿಕೊಡುವಂತೆ ಚೀನಾದ ಸೇನಾನಿ ಝೂ ದೆ ಅವರು ಜವಾಹರಲಾಲ್ ನೆಹರೂ ಅವರನ್ನು ಕೋರಿದರು. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ಅವರ ಮನವಿಯ ಮೇರೆಗೆ ಜನರಿಂದ ಸುಮಾರು 22,000 ರೂಪಾಯಿ ಸಂಗ್ರಹವಾಯಿತು. ಇದು ಸರ್ಕಾರದ ಬೊಕ್ಕಸದ ಹಣವಲ್ಲ. ಸ್ವತಃ ಪರಾಧೀನರಾಗಿದ್ದ ಜನರು ನೀಡಿದ ವಂತಿಗೆ ಎಂಬುದನ್ನು ಗಮನಿಸಬೇಕು. 1938ರ ಸೆಪ್ಟೆಂಬರ್‌ನಲ್ಲಿ ಡಾ. ಅಟಲ್ ಅವರ ನೇತೃತ್ವದಲ್ಲಿ ಡಾ. ಚೋಳಕರ್, ಡಾ. ಕೋಟ್ನಿಸ್, ಡಾ. ಬಸು ಮತ್ತು ಡಾ. ಮುಖರ್ಜಿ ಅವರನ್ನೊಳಗೊಂಡ ತಂಡ ಮುಂಬಯಿಯಿಂದ ಹಡಗಿನಲ್ಲಿ ಹೊರಟಿತು. ಡಾ. ಅಟಲ್ ಅವರಿಗೆ ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿದ ಅನುಭವವಿತ್ತು.

1939ರಲ್ಲಿ ತಂಡವು ಯೆನಾನ್ ತಲುಪಿತು. ತಂದೆಯವರ ನಿಧನದ ಸುದ್ದಿ ಚೀನಾದಲ್ಲಿದ್ದಾಗಲೇ ಬಂದರೂ ಕೋಟ್ನಿಸ್ ಅವರು ಸ್ವದೇಶಕ್ಕೆ ಮರಳಲಿಲ್ಲ. ಇತರ ವೈದ್ಯರು ಕಾಲಕ್ರಮೇಣ ಹಿಂದಿರುಗಿದರು, ಡಾ. ಬಸು ಅವರು 1943ರವರೆಗೆ ಸೇವೆಯಲ್ಲಿದ್ದರು. ಕೋಟ್ನಿಸ್ ಅವರು 1940ರಲ್ಲಿ ಶತ್ರುಸೇನೆಯ ಹಿಂಬದಿಯಲ್ಲಿದ್ದ ಉತ್ತರ ಚೀನಾದ ಬೆಟ್ಟಪ್ರದೇಶಕ್ಕೆ ತೆರಳಿದರು. ಇದೇ ಪ್ರದೇಶದಲ್ಲಿ ಕೆನಡಾದ ಶಸ್ತ್ರವೈದ್ಯ ಡಾ. ನಾರ್ಮನ್ ಬೆಥೂನ್ ಅವರು ಶಸ್ತ್ರಚಿಕಿತ್ಸೆಯ ವೇಳೆ ಬೆರಳಿಗಾದ ಗಾಯವು ನಂಜೇರಿ 1939ರ ನವೆಂಬರ್‌ನಲ್ಲಿ ನಿಧನರಾಗಿದ್ದರು. ಅವರ ಸ್ಮರಣಾರ್ಥ ಹೆಸರಿಸಲಾದ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರ ಜನವರಿಯಲ್ಲಿ ಕೋಟ್ನಿಸ್ ನಿರ್ದೇಶಕರಾಗಿ ನೇಮಕಗೊಂಡರು. ಹೀಗೆ ಕೆನಡಾದ ವೈದ್ಯರೊಬ್ಬರ ಹೊಣೆಯನ್ನು ಭಾರತದ ವೈದ್ಯರೊಬ್ಬರು ಚೀನಾದ ಹಳ್ಳಿಯೊಂದರಲ್ಲಿ ವಹಿಸಿಕೊಂಡರು.

ಔಷಧಿಗಳ ತೀವ್ರ ಅಭಾವವಿತ್ತು. ಶತ್ರುಗಳ ದಾಳಿಯಾದಾಗ ಆಸ್ಪತ್ರೆಯನ್ನೇ ಸ್ಥಳಾಂತರಿಸಬೇಕಾಗುತ್ತಿತ್ತು. ಕೋಟ್ನಿಸ್ ಅವರು ಚೀನೀ ಭಾಷೆಯನ್ನು ಕಲಿತು, ಅದೇ ಭಾಷೆಯಲ್ಲಿ ವಿದ್ಯಾರ್ಥಿಗಳಿಗೆ ಬೋಧಿಸಿದರು. ಶಸ್ತ್ರಚಿಕಿತ್ಸೆಗಳಷ್ಟೇ ಈ ಬೋಧನೆಯೂ ಮುಖ್ಯವಾದುದು. ಹೊರಗಿನಿಂದ ಬಂದ ವೈದ್ಯರು ಎಷ್ಟು ಕಾಲ ಇರಬಲ್ಲರು? ಸ್ಥಳೀಯರೇ ಸಿದ್ಧರಾಗದೆ ಆ ಸೇವೆ ಮುಂದುವರಿಯುವಂತಿರಲಿಲ್ಲ.

1941ರಲ್ಲಿ ದಾದಿ ಗುವೊ ಚಿಂಗ್‌ಲಾನ್ ಅವರೊಂದಿಗೆ ಇವರ ವಿವಾಹವಾಯಿತು. 1942ರ ಆಗಸ್ಟ್‌ನಲ್ಲಿ ಜನಿಸಿದ ಮಗನಿಗೆ ಇನ್‌ಹುವಾ ಎಂದು ಹೆಸರಿಡಲಾಯಿತು. ಚೀನೀ ಭಾಷೆಯಲ್ಲಿ ಇನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಅಷ್ಟರಲ್ಲಿ ಅವಿರತ ದುಡಿಮೆಯಿಂದ ಕೋಟ್ನಿಸ್ ಅವರ ದೇಹ ಕೃಶವಾಗಿತ್ತು, ಅಪಸ್ಮಾರವೂ ಬಾಧಿಸುತ್ತಿತ್ತು. ಶಸ್ತ್ರವೈದ್ಯಕೀಯದ ಪಠ್ಯಪುಸ್ತಕದ ರಚನೆಯಲ್ಲಿ ತೊಡಗಿದ್ದಾಗಲೇ, 1942ರ ಡಿಸೆಂಬರ್ 9ರಂದು, ತಮ್ಮ 32ನೆಯ ವಯಸ್ಸಿನಲ್ಲಿ ನಿಧನರಾದರು. ಆಗ ಮಗುವಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ.

ಇವರ ಜೀವನವನ್ನು ಆಧರಿಸಿ ವಿ. ಶಾಂತಾರಾಮ್ ಅವರು 1946ರಲ್ಲಿ ಹಿಂದಿ ಚಲನಚಿತ್ರವನ್ನು ನಿರ್ಮಿಸಿದರು. ಚೀನಾದ ಷಿಜಿಯಾಝುವಾಂಗ್ ನಗರದ ಹುತಾತ್ಮರ ಸ್ಮಾರಕದಲ್ಲಿ ಇವರ ಸಮಾಧಿಯಿದೆ. ಭಾರತದ ಅಂಚೆ ಇಲಾಖೆಯು 1993ರಲ್ಲಿ ಇವರ ಗೌರವಾರ್ಥ ಅಂಚೆಚೀಟಿಯನ್ನು ಹೊರತಂದಿತು. ಪತಿಯ ಮರಣಾನಂತರವೂ ಭಾರತದ ಬಂಧುಗಳೊಂದಿಗೆ ಸಂಬಂಧ ಉಳಿಸಿಕೊಂಡಿದ್ದ ಗುವೊ ಚಿಂಗ್‌ಲಾನ್ ಅವರು 2012ರಲ್ಲಿ ನಿಧನರಾದರು.