ಶ್ರೀ ಫಿರೋಜ್ ಗಾಂಧಿ (1912–1960): ಸಾರ್ವಜನಿಕ ಹಣದ ಲೆಕ್ಕ ಕೇಳಿದ ಸಂಸದರು

ಸಾರ್ವಜನಿಕರ ಹಣವನ್ನು ಎಲ್ಲಿ, ಯಾವ ದರದಲ್ಲಿ, ಯಾರ ಆದೇಶದ ಮೇರೆಗೆ ತೊಡಗಿಸಲಾಯಿತು ಎಂಬ ವಿವರವನ್ನು ಸರ್ಕಾರವು ಸಂಸತ್ತಿನ ಮುಂದಿಡಬೇಕೆಂದು ಪಟ್ಟು ಹಿಡಿದವರಲ್ಲಿ ಶ್ರೀ ಫಿರೋಜ್ ಗಾಂಧಿಯವರು ಪ್ರಮುಖರು.

ಶ್ರೀಯುತರು ದಿನಾಂಕ 12-9-1912ರಂದು ಮುಂಬಯಿಯ ಪಾರ್ಸಿ ಕುಟುಂಬದಲ್ಲಿ ಜನಿಸಿ ಅಲಹಾಬಾದಿನಲ್ಲಿ ಬೆಳೆದರು. 1930ರಲ್ಲಿ ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಸೆರೆಮನೆವಾಸ ಅನುಭವಿಸಿದರು. ತರುವಾಯ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ವ್ಯಾಸಂಗ ಮಾಡಿದರು. 1942ರಲ್ಲಿ ಇಂದಿರಾ ನೆಹರೂ ಅವರನ್ನು ವಿವಾಹವಾದರು. ನ್ಯಾಷನಲ್ ಹೆರಾಲ್ಡ್ ಪತ್ರಿಕೆಯ ಆಡಳಿತ ನಿರ್ವಹಿಸಿದ ಅವರು 1952 ಹಾಗೂ 1957ರಲ್ಲಿ ರಾಯಬರೇಲಿ ಕ್ಷೇತ್ರದಿಂದ ಲೋಕಸಭೆಗೆ ಚುನಾಯಿತರಾದರು.

ಡಿಸೆಂಬರ್ 1955ರಲ್ಲಿ ಅವರು ಖಾಸಗಿ ವಿಮಾ ಕಂಪನಿಗಳ ವ್ಯವಹಾರವನ್ನು ಸದನದಲ್ಲಿ ಬಿಡಿಸಿಟ್ಟರು. ಪಾಲಿಸಿದಾರರು ಕಟ್ಟಿದ ಪ್ರೀಮಿಯಂ ಹಣವು ಮಾಲೀಕರ ಇತರೆ ಉದ್ದಿಮೆಗಳಿಗೆ ಹರಿದುಹೋಗುತ್ತಿದ್ದ ಬಗೆಯನ್ನು ಅಂಕಿ ಅಂಶಗಳ ಸಹಿತ ತೋರಿಸಿದರು. ಮರುವರ್ಷವೇ ಜೀವವಿಮೆಯ ರಾಷ್ಟ್ರೀಕರಣವಾಗಿ, 245 ಸಂಸ್ಥೆಗಳ ವ್ಯವಹಾರವನ್ನು ವಹಿಸಿಕೊಂಡ ಭಾರತೀಯ ಜೀವವಿಮಾ ನಿಗಮವು ದಿನಾಂಕ 1-9-1956ರಂದು ಅಸ್ತಿತ್ವಕ್ಕೆ ಬಂದಿತು.

ಅದೇ ನಿಗಮವು ಜೂನ್ 1957ರಲ್ಲಿ ಕಲ್ಕತ್ತೆಯ ಉದ್ಯಮಿ ಹರಿದಾಸ ಮುಂಧ್ರಾ ಅವರ ಹಿಡಿತದಲ್ಲಿದ್ದ ಆರು ಕಂಪನಿಗಳ ಷೇರುಗಳನ್ನು ಸುಮಾರು 1.25 ಕೋಟಿ ರೂ.ಗಳಿಗೆ ಖರೀದಿಸಿತು. ಆ ಕಾಲಕ್ಕೆ ಇದು ಅಲ್ಪ ಮೊತ್ತವಲ್ಲ. ನಿಗಮದ ಹೂಡಿಕೆ ಸಮಿತಿಯ ಅಭಿಪ್ರಾಯವನ್ನೇ ಮೊದಲು ಪಡೆದಿರಲಿಲ್ಲ. ಈ ಬಗ್ಗೆ ಸಂಸತ್ತಿನಲ್ಲಿ ಕೇಳಿದ ಪ್ರಶ್ನೆಗಳಿಗೆ ಆರಂಭದಲ್ಲಿ ದೊರೆತ ಉತ್ತರಗಳು ಅಪೂರ್ಣವಾಗಿದ್ದವು. ದಿನಾಂಕ 16-12-1957ರಂದು ಶ್ರೀಯುತರು ವ್ಯವಹಾರದ ವಿವರಗಳನ್ನು ಸದನದ ಮುಂದಿರಿಸಿ, ಪೇಟೆಯ ದರಕ್ಕಿಂತ ಹೆಚ್ಚಿನ ಬೆಲೆ ತೆತ್ತುದು ಏಕೆಂದು ಪ್ರಶ್ನಿಸಿದರು. ಅವರು ಕುಳಿತಿದ್ದುದು ಆಡಳಿತ ಪಕ್ಷದ ಸಾಲಿನಲ್ಲಿ; ಪ್ರಧಾನಮಂತ್ರಿಯವರು ಅವರ ಮಾವನವರು. ಈ ಎರಡೂ ಸಂಗತಿಗಳು ಅವರ ಪ್ರಶ್ನೆಯನ್ನು ಮೃದುಗೊಳಿಸಲಿಲ್ಲವೆಂಬುದು ಗಮನಾರ್ಹ.

ಸರ್ಕಾರವು ಜನವರಿ 1958ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗವನ್ನು ನೇಮಿಸಿತು. ವಿಚಾರಣೆಯು ಗುಪ್ತವಾಗಿ ನಡೆಯದೆ ಸಾರ್ವಜನಿಕರ ಸಮ್ಮುಖದಲ್ಲಿಯೇ ಜರುಗಿತು. ಸಚಿವರು ಮತ್ತು ಹಿರಿಯ ಅಧಿಕಾರಿಗಳು ಅಲ್ಲಿ ಸಾಕ್ಷ್ಯ ನುಡಿದರು. ಮರುತಿಂಗಳೇ ವರದಿ ಸಲ್ಲಿಕೆಯಾಯಿತು. ಅಧಿಕಾರಿಗಳ ಕ್ರಮಕ್ಕೆ ಸಚಿವರೇ ಸಂವಿಧಾನಾತ್ಮಕವಾಗಿ ಹೊಣೆಗಾರರೆಂದು ಆಯೋಗವು ಅಭಿಪ್ರಾಯಪಟ್ಟಿತು. ಹಣಕಾಸು ಸಚಿವ ಶ್ರೀ ಟಿ. ಟಿ. ಕೃಷ್ಣಮಾಚಾರಿ ಅವರು ಫೆಬ್ರವರಿ 1958ರಲ್ಲಿ ರಾಜೀನಾಮೆ ನೀಡಿದರು. ಷೇರುಗಳ ವಿಷಯ ತಾಂತ್ರಿಕವಾದುದು, ಜನಸಾಮಾನ್ಯರಿಗೆ ಅರ್ಥವಾಗದೆಂಬ ವಾದ ಆ ದಿನಗಳ ಬಳಿಕ ಹೆಚ್ಚು ನಿಲ್ಲಲಿಲ್ಲ.

ಅವರ ಮತ್ತೊಂದು ಕೊಡುಗೆ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಸದನದ ಕಲಾಪವನ್ನು ಯಥಾವತ್ತಾಗಿ ವರದಿ ಮಾಡಿದ ಪತ್ರಿಕೆಯ ಮೇಲೂ ಮಾನನಷ್ಟ ಮೊಕದ್ದಮೆ ಹೂಡಲು ಅಂದು ಅವಕಾಶವಿತ್ತು. ಸದಸ್ಯರು ಕೇಳಿ ಪಡೆದ ಮಾಹಿತಿ ಪ್ರಜೆಗಳಿಗೆ ತಲುಪದಿದ್ದರೆ ಅದರಿಂದ ಪ್ರಯೋಜನ ಅಷ್ಟಕ್ಕಷ್ಟೆ. ಶ್ರೀಯುತರು ಖಾಸಗಿ ಸದಸ್ಯರಾಗಿ ಮಂಡಿಸಿದ ವಿಧೇಯಕವು 1956ರಲ್ಲಿ ಅಧಿನಿಯಮವಾಗಿ, ದುರುದ್ದೇಶವಿಲ್ಲದೆ ಪ್ರಕಟಿಸಿದ ಸತ್ಯ ವರದಿಗಳಿಗೆ ರಕ್ಷಣೆ ದೊರೆಯಿತು. ತುರ್ತು ಪರಿಸ್ಥಿತಿಯಲ್ಲಿ, ಅವರ ಪತ್ನಿಯವರೇ ಪ್ರಧಾನಮಂತ್ರಿಯಾಗಿದ್ದಾಗ, ಈ ಅಧಿನಿಯಮ ರದ್ದಾಯಿತು. 1977ರಲ್ಲಿ ಅದನ್ನು ಮರಳಿ ತರಲಾಯಿತು. 1978ರ 44ನೇ ತಿದ್ದುಪಡಿಯ ಮೂಲಕ ಸಂವಿಧಾನದ 361-ಎ ಅನುಚ್ಛೇದವಾಗಿ ರಾಜ್ಯ ವಿಧಾನ ಮಂಡಲಗಳ ಕಲಾಪಕ್ಕೂ ಇದೇ ರಕ್ಷಣೆ ಲಭಿಸಿತು.

ಇವುಗಳಾವುದನ್ನೂ ನೋಡಲು ಶ್ರೀಯುತರು ಇರಲಿಲ್ಲ. ದಿನಾಂಕ 8-9-1960ರಂದು ದೆಹಲಿಯಲ್ಲಿ ಹೃದಯಾಘಾತದಿಂದ ನಿಧನರಾದರು. 48 ವರ್ಷ ತುಂಬಲು ಇನ್ನು ನಾಲ್ಕು ದಿನಗಳಿದ್ದವು.