ಬರಿದಾದ ಮನೆಯ ಗೃಹಸ್ಥರು: ಶ್ರೀ ಗುರುರಾಜರ ಪೂರ್ವಾಶ್ರಮ

ಪ್ರತಿವರ್ಷ ಶ್ರಾವಣ ಬಹುಳ ದ್ವಿತೀಯಾ ತಿಥಿಯಂದು ಮಂತ್ರಾಲಯ ಪ್ರಭುಗಳ ಆರಾಧನೆಯನ್ನು ನಾವು ವೈಭವದಿಂದ ಆಚರಿಸುತ್ತೇವೆ. ಅವರ ಮಹಿಮೆಗಳನ್ನು ಕೇಳುತ್ತೇವೆ, ಹಾಡುತ್ತೇವೆ. ಆದರೆ ಆ ಮಹಾನುಭಾವರು ಶ್ರೀ ರಾಘವೇಂದ್ರತೀರ್ಥರಾಗುವುದಕ್ಕೆ ಮೊದಲು, ವೇಂಕಟನಾಥರೆಂಬ ಹೆಸರಿನಿಂದ ಹೆಂಡತಿ ಮಗನೊಡನೆ ಸಂಸಾರ ನಡೆಸಿದ ವರ್ಷಗಳ ಕಥೆಯನ್ನು ಪ್ರವಚನಗಳಲ್ಲಿ ಅವಸರವಾಗಿ ದಾಟಿಬಿಡುವುದು ರೂಢಿಯಾಗಿದೆ. ಈ ಸಂಚಿಕೆಯಲ್ಲಿ ಆ ಭಾಗವನ್ನೇ ತುಸು ನಿಧಾನವಾಗಿ ನೋಡಬೇಕೆಂದು ನಮಗೆ ತೋರಿತು.

ಹೀಗೆ ತೋರುವುದಕ್ಕೆ ಕಾರಣವೂ ಉಂಟು. ಉಕ್ಕಿನ ಕಾರ್ಖಾನೆ, ಹಡಗುಕಟ್ಟೆ, ಆಟೋನಗರಗಳನ್ನು ನಂಬಿ ನಮ್ಮ ಕಡೆಯ ಎಷ್ಟೋ ಕುಟುಂಬಗಳು ಈ ಗಾಜುವಾಕಕ್ಕೆ ಬಂದು ನೆಲೆಸಿವೆ. ನೌಕರಿಯವರ ಮಾತು ಬೇರೆ. ಗುತ್ತಿಗೆ, ಅಂಗಡಿ, ಸಣ್ಣ ವರ್ಕ್‌ಷಾಪು ಎಂದು ಸ್ವಂತಕ್ಕೆ ಕೈಹಾಕಿದವರಲ್ಲಿ ಕೆಲವರಿಗೆ ಬರಬೇಕಾದ ಬಿಲ್ಲು ಬಾರದೆ, ಕಟ್ಟಿದ ಚೀಟಿ ಮುರಿದು, ಅನ್ಯರ ಸಾಲಕ್ಕೆ ಹಾಕಿದ ಜಾಮೀನು ತಮ್ಮ ತಲೆಗೇ ಬಂದು, ಇದ್ದದ್ದೆಲ್ಲ ಹೋಗುವುದುಂಟು. ಇಲ್ಲಿಯವರು ಇದಕ್ಕೆ ಐ.ಪಿ. ಹಾಕಿದರು ಎನ್ನುತ್ತಾರೆ. 1920ರ ಪ್ರಾಂತೀಯ ದಿವಾಳಿ ಕಾಯಿದೆಯ ಪ್ರಕಾರ ನ್ಯಾಯಾಲಯಕ್ಕೆ ಕೊಡುವ ಇನ್ಸಾಲ್ವೆನ್ಸಿ ಪಿಟಿಷನ್ ಎಂಬುದೇ ಜನರ ಬಾಯಲ್ಲಿ ಐ.ಪಿ. ಆಗಿದೆ. ಆ ಎರಡಕ್ಷರ ಒಂದು ಮನೆತನಕ್ಕೆ ಅಂಟಿಕೊಂಡ ಬಳಿಕ ಆ ಮನೆಯವರು ಮಠಕ್ಕೆ ಬರುವುದೂ ನಿಲ್ಲುತ್ತದೆ. ತೀರ್ಥಪ್ರಸಾದದ ಪಂಕ್ತಿಯಲ್ಲಿ ಯಾರು ಏನು ಕೇಳುವರೋ ಎಂಬ ಅಂಜಿಕೆ. ಗುರುರಾಯರ ಸನ್ನಿಧಿಗೆ ಬರಲು ಇದಕ್ಕಾಗಿ ನಾಚಬೇಕಾದವರು ಯಾರೂ ಇಲ್ಲವೆಂಬುದು ಅವರ ಚರಿತ್ರೆಯನ್ನು ಓದಿದರೆ ತಿಳಿಯುತ್ತದೆ.

ಗುರುಗಳ ಮನೆತನ ಒಂದು ಕಾಲಕ್ಕೆ ರಾಜಾಶ್ರಯದಲ್ಲಿ ಬಾಳಿದ್ದು. ಮುತ್ತಾತ ಕೃಷ್ಣಭಟ್ಟರು ವೀಣಾವಿದ್ಯೆಯಲ್ಲಿ ನಿಷ್ಣಾತರಾಗಿ ಶ್ರೀಕೃಷ್ಣದೇವರಾಯನಿಗೇ ವೀಣೆ ಕಲಿಸಿದರೆಂದು ಪ್ರತೀತಿ. ವಿದ್ಯೆಯೂ ಸಂಗೀತವೂ ವಂಶದಲ್ಲಿ ಹರಿದುಬಂದವು. ಆಶ್ರಯ ಮಾತ್ರ ಉಳಿಯಲಿಲ್ಲ. 1565ರ ಯುದ್ಧದಲ್ಲಿ ವಿಜಯನಗರ ಬಿದ್ದಮೇಲೆ ಪಂಡಿತರು, ವೈಣಿಕರು, ಶಿಲ್ಪಿಗಳು ದಿಕ್ಕಾಪಾಲಾಗಿ ದಕ್ಷಿಣಕ್ಕೆ ಸರಿದರು. ತಿಮ್ಮಣ್ಣಭಟ್ಟರು ಪತ್ನಿ ಗೋಪಿಕಾಂಬೆಯೊಡನೆ ತಮಿಳುನಾಡಿನ ಭುವನಗಿರಿಯನ್ನು ಸೇರಿದರು. ನಮ್ಮಂತೆಯೇ ಅವರೂ ಪರಭಾಷೆಯ ಊರಿಗೆ ಬಂದ ವಲಸೆಯವರು. ಅಲ್ಲಿ 1595ರಲ್ಲಿ, ತಿರುಪತಿಯ ಶ್ರೀನಿವಾಸನ ಅನುಗ್ರಹದಿಂದ ಹುಟ್ಟಿದ ಮಗುವಿಗೆ ವೇಂಕಟನಾಥನೆಂದು ಹೆಸರಾಯಿತು. ಅಣ್ಣ ಗುರುರಾಜ, ಅಕ್ಕ ವೇಂಕಟಾಂಬೆ. ತಂದೆ ಬೇಗನೆ ತೀರಿಕೊಂಡುದರಿಂದ ಬಾಲಕನ ಭಾರವನ್ನು ಅಣ್ಣ ಹೊತ್ತರು. ವಿದ್ಯೆಯನ್ನು ಮಧುರೆಯಲ್ಲಿ ಭಾವ ಲಕ್ಷ್ಮೀನರಸಿಂಹಾಚಾರ್ಯರು ಕೊಟ್ಟರು. ಬಳಿಕ ಸರಸ್ವತಿ ಎಂಬ ಸಾಧ್ವಿಯೊಡನೆ ವಿವಾಹ, ಕುಂಭಕೋಣದಲ್ಲಿ ಶ್ರೀ ಸುಧೀಂದ್ರತೀರ್ಥರ ಸನ್ನಿಧಿಯಲ್ಲಿ ದ್ವೈತವೇದಾಂತದ ಉನ್ನತ ವ್ಯಾಸಂಗ, ವಾದಗಳಲ್ಲಿ ವಿಜಯ, ಗುರುಗಳಿಂದ ಮಹಾಭಾಷ್ಯಾಚಾರ್ಯರೆಂಬ ಬಿರುದು.

ಬಿರುದು ಬಂದಿತೇ ಹೊರತು ಮನೆಗೆ ಅಕ್ಕಿ ಬರಲಿಲ್ಲ. ವೇಂಕಟನಾಥರು ಶಿಷ್ಯರಿಗೆ ಪಾಠ ಹೇಳುತ್ತಿದ್ದರು, ಆದರೆ ವಿದ್ಯೆಗೆ ಬೆಲೆ ಕಟ್ಟಿ ಕೇಳುವ ಸ್ವಭಾವ ಅವರದಲ್ಲ. ತಾನಾಗಿ ಬಂದುದರಲ್ಲಿ ಜೀವನ. ಬಾರದ ದಿನ ಉಪವಾಸ. ಲಕ್ಷ್ಮೀನಾರಾಯಣನೆಂಬ ಮಗ ಹುಟ್ಟಿದ ಮೇಲೆ ಆ ಉಪವಾಸಕ್ಕೆ ಏಕಾದಶಿಯ ಪುಣ್ಯವೂ ಇಲ್ಲ, ದಶಮಿ ದ್ವಾದಶಿಗಳ ಮಿತಿಯೂ ಇಲ್ಲ. ಇಷ್ಟು ಸಾಲದೆಂಬಂತೆ ಮನೆಗೆ ಕಳ್ಳರು ನುಗ್ಗಿ ಇದ್ದ ಪಾತ್ರೆ ಬಟ್ಟೆಗಳನ್ನೂ ಹೊತ್ತೊಯ್ದರೆಂದು ಚರಿತ್ರೆಕಾರರು ಹೇಳುತ್ತಾರೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇಂದಿನ ಕಾನೂನು ಸಾಲಗಾರನ ಮೇಲೆ ಎಷ್ಟೇ ಕಠಿಣವಾಗಿದ್ದರೂ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಂತೆ ಅವನ ಮತ್ತು ಅವನ ಹೆಂಡತಿ ಮಕ್ಕಳ ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆಗಳನ್ನು ಜಪ್ತಿ ಮಾಡುವಂತಿಲ್ಲ. ಅಮೀನನು ಬಿಟ್ಟುಹೋಗಬೇಕಾದ ಆ ವಸ್ತುಗಳೂ ವೇಂಕಟನಾಥರ ಮನೆಯಲ್ಲಿ ಉಳಿಯಲಿಲ್ಲ.

ಸಾಲದ ಕಥೆಯೂ ನಮ್ಮ ಸಂಪ್ರದಾಯಕ್ಕೆ ಹೊಸದಲ್ಲ. ಶ್ರೀಮದಾಚಾರ್ಯರ ತಂದೆ ಮಧ್ಯಗೇಹಭಟ್ಟರು ಎತ್ತು ಕೊಂಡ ಹಣವನ್ನು ತೀರಿಸಲಾಗದೆ ಇದ್ದಾಗ, ಸಾಲ ಕೊಟ್ಟವನು ಪಾಜಕದ ಮನೆಯ ಬಾಗಿಲಲ್ಲೇ ಕುಳಿತನು. ಬಾಲಕ ವಾಸುದೇವನು ಹುಣಸೆಯ ಬೀಜಗಳನ್ನು ಕೊಟ್ಟು ಅವನನ್ನು ತೃಪ್ತಿಪಡಿಸಿ ಕಳುಹಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಸಾಲಗಾರನು ಬಾಗಿಲಲ್ಲಿ ಕುಳಿತ ಮನೆಯಲ್ಲಿಯೇ ಜಗದ್ಗುರುಗಳ ಅವತಾರವಾಯಿತೆಂಬುದನ್ನು ಮಾತ್ರ ಅದನ್ನು ಹೇಳುವಾಗ ನಾವು ಮರೆಯುತ್ತೇವೆ.

ಬಡತನ ಮೊದಲು ತಾಗುವುದು ಹೊಟ್ಟೆಗಲ್ಲ, ಮಾನಕ್ಕೆ. ವೇಂಕಟನಾಥರು ಸಂಸಾರಸಮೇತರಾಗಿ ಒಂದು ಸಮಾರಂಭಕ್ಕೆ ಹೋದಾಗ, ಆ ಮನೆಯವರು ಅವರ ಹರಿದ ವಸ್ತ್ರವನ್ನು ನೋಡಿದರೇ ಹೊರತು ಪಾಂಡಿತ್ಯವನ್ನು ಅರಿಯಲಿಲ್ಲ. ಸುಮ್ಮನೆ ಊಟ ಹಾಕುವುದೇಕೆಂದು ಅತಿಥಿಗಳಿಗೆ ಗಂಧ ತೇಯುವ ಕೆಲಸ ಹಚ್ಚಿದರು. ಅವರು ಮರುಮಾತಾಡದೆ ತೇಯ್ದರು. ಅಭ್ಯಾಸಬಲದಿಂದ ನಾಲಗೆಯ ಮೇಲೆ ಅಗ್ನಿಸೂಕ್ತ ನಡೆದಿತ್ತು. ಗಂಧವನ್ನು ಲೇಪಿಸಿಕೊಂಡವರ ಮೈ ಉರಿಯತೊಡಗಿತು. ವಿಷಯ ತಿಳಿದು ಎಲ್ಲರೂ ಕ್ಷಮೆ ಬೇಡಿದಾಗ ವರುಣಸೂಕ್ತವನ್ನು ಜಪಿಸಿ ಆ ಉರಿಯನ್ನು ಶಮನಗೊಳಿಸಿದರು. ಈ ಪ್ರಸಂಗವನ್ನು ಮಂತ್ರಮಹಿಮೆಯೆಂದು ಹೇಳುವುದು ಸರಿಯೇ. ನಮಗಾದರೋ ಅದಕ್ಕೂ ಹಿಂದಿನ ಗಳಿಗೆ ಹೆಚ್ಚಾಗಿ ಮನಸ್ಸಿಗೆ ನಾಟುತ್ತದೆ. ಮಹಾಭಾಷ್ಯವನ್ನು ಬಲ್ಲವರು ಗಂಧದ ಕೊರಡನ್ನು ಹಿಡಿದು ಕುಳಿತರು. ಅವಮಾನವೆಂದು ಎದ್ದುಹೋಗಲಿಲ್ಲ, ತಾವು ಯಾರೆಂದು ಹೇಳಿಕೊಳ್ಳಲೂ ಇಲ್ಲ. ಹೆಂಡತಿ ಮಗನಿಗೆ ಅಂದಿನ ಊಟವಾಗಬೇಕಿತ್ತು.

ಕೊನೆಗೆ ಸಂಸಾರದೊಡನೆ ಕುಂಭಕೋಣದ ಮಠವನ್ನು ಸೇರಿದರು. ಎಲ್ಲ ಹೋದವನು ಗುರುವಿನ ಮನೆಗೆ ಬರುವುದು ಸೋಲಲ್ಲ. ಅಲ್ಲಿ ಅವರಿಗೆ ಅನ್ನವೂ ಪಾಠಪ್ರವಚನದ ಕೆಲಸವೂ ದೊರೆಯಿತು. ಸುಧೀಂದ್ರತೀರ್ಥರು ಇವರೇ ತಮ್ಮ ಉತ್ತರಾಧಿಕಾರಿಗಳೆಂದು ನಿಶ್ಚಯಿಸಿ ಸಂನ್ಯಾಸ ಸ್ವೀಕರಿಸಬೇಕೆಂದರು. ನಿನ್ನೆಯವರೆಗೆ ಅನ್ನಕ್ಕಿಲ್ಲದವರಿಗೆ ಮೂಲರಾಮದೇವರ ಪೂಜೆ, ಮಹಾಪೀಠದ ಅಧಿಪತ್ಯ! ವೇಂಕಟನಾಥರು ಒಪ್ಪಲಿಲ್ಲ. ಹೆಂಡತಿಗೆ ಎಳೆಯ ವಯಸ್ಸು, ಮಗನಿಗೆ ಉಪನಯನವಾಗಿಲ್ಲ, ಅವರನ್ನು ಬಿಡಲಾರೆನೆಂದರು. ಸಂಸಾರದ ಕಷ್ಟದಿಂದ ಪಾರಾಗಲು ಕಾವಿಯನ್ನು ಮರೆಯಾಗಿಸಿಕೊಳ್ಳಲು ಅವರಿಗೆ ಇಷ್ಟವಿರಲಿಲ್ಲ. ಗುರುಗಳು ಅಸ್ವಸ್ಥರಾದಾಗ ಯಾದವೇಂದ್ರತೀರ್ಥರಿಗೆ ಆಶ್ರಮ ಕೊಡಬೇಕಾಗಿ ಬಂದಿತು. ಅಷ್ಟಾದರೂ ಇವರ ಮನಸ್ಸು ಸಡಿಲಲಿಲ್ಲ. ಕೊನೆಗೆ ವಿದ್ಯಾದೇವತೆಯೇ ಸ್ವಪ್ನದಲ್ಲಿ ಬಂದು ಆಜ್ಞಾಪಿಸಿದ ಬಳಿಕ, ಮಗನ ಉಪನಯನವನ್ನು ಮುಗಿಸಿ, 1621ರ ಫಾಲ್ಗುಣ ಶುಕ್ಲ ದ್ವಿತೀಯಾದಂದು ತಂಜಾವೂರಿನಲ್ಲಿ ಸಂನ್ಯಾಸ ಸ್ವೀಕರಿಸಿದರು.

ಸರಸ್ವತಮ್ಮನವರ ವಿಷಯವನ್ನು ಬಿಟ್ಟು ಈ ಕಥೆಯನ್ನು ಹೇಳುವುದು ನ್ಯಾಯವಲ್ಲ. ಹಸಿವನ್ನೂ ಹರಿದ ಸೀರೆಯನ್ನೂ ಗಂಡನೊಡನೆ ಸಮನಾಗಿ ಸಹಿಸಿದ ಆ ತಾಯಿ, ಪತಿಯ ಮುಖವನ್ನು ಕಡೆಯ ಸಲ ನೋಡಬೇಕೆಂದು ಓಡಿಬರುವಾಗ ಪಾಳುಬಾವಿಗೆ ಬಿದ್ದು ಪ್ರಾಣ ಬಿಟ್ಟರು. ಪ್ರೇತರೂಪದಲ್ಲಿ ಬಂದ ಆ ಜೀವಕ್ಕೆ ಗುರುಗಳು ಕಮಂಡಲುವಿನ ಜಲವನ್ನು ಪ್ರೋಕ್ಷಿಸಿ ಸದ್ಗತಿಯನ್ನು ಕರುಣಿಸಿದರೆಂದು ಸಂಪ್ರದಾಯ. ಸಂಸಾರ ಮುಳುಗಿದಾಗ ಗಂಡಸರು ಹೇಗೋ ಹೊರಗಿನ ಒಂದು ದಾರಿ ಹಿಡಿಯುತ್ತಾರೆ. ಅಡುಗೆಮನೆಯಲ್ಲಿ ನಿಂತವರಿಗೆ ಅದೂ ಇಲ್ಲ. ದಿವಾಳಿಯಾದ ಮನೆಯ ಹೆಣ್ಣುಮಕ್ಕಳನ್ನು ಮಾತನಾಡಿಸುವವರು ಈ ಬಡಾವಣೆಗಳಲ್ಲಿ ಎಷ್ಟು ಮಂದಿ ಇದ್ದಾರೆ?

ಮುಂದಿನದು ಎಲ್ಲರೂ ಬಲ್ಲ ಚರಿತ್ರೆ. ಸುಧಾಪರಿಮಳವೇ ಮೊದಲಾದ ಗ್ರಂಥಗಳ ರಚನೆ, ದಕ್ಷಿಣೋತ್ತರ ಸಂಚಾರ, ಆದವಾನಿಯ ನವಾಬನಿಂದ ಮಂಚಾಲೆ ಗ್ರಾಮದ ದಾನ, 1671ರಲ್ಲಿ ಬೃಂದಾವನ ಪ್ರವೇಶ. ಒಂದನ್ನು ಮಾತ್ರ ಸೇರಿಸುತ್ತೇವೆ. ತಂಜಾವೂರಿನ ಕ್ಷಾಮವು ಗುರುಗಳ ಅನುಗ್ರಹದಿಂದ ನೀಗಿದಾಗ ರಾಜನು ರತ್ನಹಾರವೊಂದನ್ನು ಅರ್ಪಿಸಿದನು. ಗುರುಗಳು ಅದನ್ನು ಹೋಮಕುಂಡಕ್ಕೆ ಹಾಕಿದರು. ರಾಜನು ನೊಂದುಕೊಂಡದ್ದನ್ನು ಕಂಡು ಅಗ್ನಿಯಿಂದ ಅದನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಟ್ಟರು. ಹಿಂದೊಮ್ಮೆ ಮನೆಯಲ್ಲಿ ಒಂದು ಪಾತ್ರೆಯೂ ಉಳಿಯದಿದ್ದವರ ಕೈ ಅದು.

ಈ ಬಡತನದ ವೃತ್ತಾಂತ ನಮಗೆ ತಿಳಿದದ್ದಾದರೂ ಹೇಗೆ? ಶ್ರೀ ರಾಘವೇಂದ್ರವಿಜಯವನ್ನು ಬರೆದ ನಾರಾಯಣಾಚಾರ್ಯರು ಗುರುಗಳ ಅಕ್ಕ ವೇಂಕಟಾಂಬೆಯ ಮಗ, ಮಧುರೆಯಲ್ಲಿ ವೇಂಕಟನಾಥರಿಗೆ ಪಾಠ ಹೇಳಿದ ಲಕ್ಷ್ಮೀನರಸಿಂಹಾಚಾರ್ಯರ ಮಗ. ಪೀಠಾಧಿಪತಿಗಳಾದ ಸೋದರಮಾವನ ಚರಿತ್ರೆಯನ್ನು ಬರೆಯುವಾಗ ತಮ್ಮದೇ ಬಳಗದ ಮನೆಯೊಂದು ಅನ್ನವಸ್ತ್ರಗಳಿಗೆ ಪರದಾಡಿದ್ದನ್ನು ಅವರು ಮುಚ್ಚಿಡಲಿಲ್ಲ. ಕಾವ್ಯದೊಳಗೆ ವಿಸ್ತಾರವಾಗಿಯೇ ವರ್ಣಿಸಿ ಇಟ್ಟರು.