ನಿಘಂಟುಕಾರ ಕಿಟ್ಟೆಲ್

ಕನ್ನಡದ ಶಬ್ದಸಂಪತ್ತನ್ನು ಶಾಸ್ತ್ರಬದ್ಧವಾಗಿ ಸಂಗ್ರಹಿಸಿಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ಲರು 1832ರ ಏಪ್ರಿಲ್ 7ರಂದು ಜರ್ಮನಿಯಲ್ಲಿ ಜನಿಸಿದರು. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಭಾರತಕ್ಕೆ ಬಂದು, ಉಪದೇಶಿಸಬಂದವರು ತಾವೇ ಹಳಗನ್ನಡಕ್ಕೆ ಶಿಷ್ಯರಾದರು. ಈ ವಿದ್ಯಾವ್ಯಾಸಂಗವನ್ನು ಸಹಧರ್ಮಪ್ರಚಾರಕರೆಲ್ಲರೂ ಮೆಚ್ಚಲಿಲ್ಲ. ಅವರು ಹಿಡಿದ ಕಾರ್ಯವನ್ನು ಬಿಡಲಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿ ಪ್ರಕಟಿಸಿದರು.

ವ್ಯಾಕರಣ ಛಂದಸ್ಸುಗಳ ಈ ತಳಹದಿಯ ಮೇಲೆ ಅವರ ಕನ್ನಡ-ಇಂಗ್ಲಿಷ್ ನಿಘಂಟು ರೂಪುಗೊಂಡಿತು. ಅದು ಕೇವಲ ಅರ್ಥಗಳ ಪಟ್ಟಿಯಲ್ಲ. ಸುಮಾರು 70,000 ಶಬ್ದಗಳ ಆ ಕೋಶದಲ್ಲಿ ದೇಶ್ಯ, ತತ್ಸಮ, ತದ್ಭವಗಳ ವಿವೇಚನೆಯಿದೆ. ತಮಿಳು, ತೆಲುಗು, ಮಲಯಾಳಗಳ ಜ್ಞಾತಿಪದಗಳಿವೆ. ಬಸವಪುರಾಣಾದಿ ಕಾವ್ಯಗಳ ಪ್ರಯೋಗಗಳೊಡನೆ ಜನರ ಗಾದೆಗಳಿಗೂ ಸಮಾನ ಮನ್ನಣೆಯಿದೆ. ದೀರ್ಘಕಾಲದ ಪರಿಶ್ರಮದಿಂದ ದೇಹ ಬಳಲಿದರೂ ಗ್ರಂಥ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ನಿಧನ ಹೊಂದಿದರು.

ಅಧ್ಯಾಪಕವೃತ್ತಿಯನ್ನು ಕೈಕೊಳ್ಳುವವರಿಗೆ ಈ ಜೀವನವೇ ಒಂದು ಪಾಠ. ಅರ್ಥವನ್ನಷ್ಟೇ ಹೇಳಿ ಮುಂದೆ ಸಾಗಿದರೆ ಶಬ್ದವು ಬಾಲಕನ ಕಿವಿಯಲ್ಲಿಯೇ ಉಳಿಯುತ್ತದೆ. ಮೂಲ, ರೂಪ, ಪ್ರಯೋಗಗಳನ್ನು ಕೂಡಿಸಿ ತಿಳಿಸಿದರೆ ಅವನ ಸ್ವತ್ತಾಗುತ್ತದೆ.